ಲ್ಯಾಟಿನ್ ಮಹಾಕಾವ್ಯದ ಮೇಲೆ ಪ್ರಾಚೀನ ತತ್ತ್ವಶಾಸ್ತ್ರದ ಪ್ರಭಾವ

ಗ್ರೀಸಿನಲ್ಲಿ ಹುಟ್ಟಿ ರೋಮಿನಲ್ಲಿ ನೆಲೆಯೂರಿದ ದಾರ್ಶನಿಕ ಪಂಥಗಳು ಲ್ಯಾಟಿನ್ ಮಹಾಕಾವ್ಯದ ವಿಶ್ವಕಲ್ಪನೆ, ದೇವತೆಗಳ ಚಿತ್ರಣ, ಪಾತ್ರರಚನೆ ಮತ್ತು ಕಥನಕ್ರಮವನ್ನು ರೂಪಿಸಿದ ಪ್ರಕ್ರಿಯೆಯೇ ಈ ಲೇಖನದ ವಿಷಯ. ಕ್ರಿ.ಪೂ. 2ನೆಯ ಶತಮಾನದ ಆರಂಭದಲ್ಲಿ ಎನ್ನಿಯಸ್‌ನಿಂದ ತೊಡಗುವ ಈ ಪರಂಪರೆ ಲುಕ್ರೀಷಿಯಸ್, ವರ್ಜಿಲ್, ಓವಿಡ್, ಲೂಕನ್‌ರ ಮೂಲಕ ಹಾದು ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ಸ್ಟೇಷಿಯಸ್ ಮತ್ತು ಸಿಲಿಯಸ್ ಇಟಾಲಿಕಸ್‌ರವರೆಗೆ ಸಾಗುತ್ತದೆ. ಇವರಲ್ಲಿ ಒಂದೇ ಪಂಥಕ್ಕೆ ಕೊನೆಯವರೆಗೂ ಬದ್ಧರಾಗಿ ಬರೆದವರು ಕಡಿಮೆ. ಹೆಚ್ಚಿನವರು ಹಲವು ಪಂಥಗಳಿಂದ ವಿಚಾರಗಳನ್ನು ಎತ್ತಿಕೊಂಡು ಕಥೆಯ ಒರೆಗೆ ಹಚ್ಚಿದರು.

ವ್ಯಾಪ್ತಿ ಮತ್ತು ಪರಿಭಾಷೆ

ಪ್ರಾಚೀನರು ಕಾವ್ಯಪ್ರಕಾರವನ್ನು ಬಹುಮಟ್ಟಿಗೆ ಛಂದಸ್ಸಿನಿಂದ ಗುರುತಿಸುತ್ತಿದ್ದರು. ಹೆಕ್ಸಾಮೀಟರ್ ಛಂದಸ್ಸಿನ ದೀರ್ಘ ಕಾವ್ಯವೆಲ್ಲ ಅವರ ಪಾಲಿಗೆ ‘ಎಪೋಸ್’. ಈ ಛಂದಸ್ಸಿನ ಪ್ರತಿ ಸಾಲಿನಲ್ಲೂ ಆರು ಗಣಗಳಿರುತ್ತವೆ. ಆರು ಸಾಲುಗಳ ಪದ್ಯವಾದ ಕನ್ನಡದ ಷಟ್ಪದಿಗೂ ಇದಕ್ಕೂ ಸಂಬಂಧವಿಲ್ಲ.

ಹೀಗಾಗಿ ಯುದ್ಧ, ಪಯಣಗಳ ಕಥೆ ಹೇಳುವ ಕಥನಕಾವ್ಯವೂ ಪ್ರಕೃತಿ, ಖಗೋಳ ಮೊದಲಾದ ವಿಷಯಗಳನ್ನು ಬೋಧಿಸುವ ಶಾಸ್ತ್ರಕಾವ್ಯವೂ ಒಂದೇ ಮನೆಯಲ್ಲಿ ಸೇರಿದ್ದವು. ರೋಮಿನ ಅಲಂಕಾರಶಾಸ್ತ್ರಜ್ಞ ಕ್ವಿಂಟಿಲಿಯನ್ ವರ್ಜಿಲ್‌ನ ಜೊತೆಗೇ ಲುಕ್ರೀಷಿಯಸ್‌ನನ್ನೂ ಹೆಸರಿಸುತ್ತಾನೆ. ಇದನ್ನು ಒಪ್ಪದವನು ಅರಿಸ್ಟಾಟಲ್. ಹೋಮರ್‌ಗೂ ಪ್ರಕೃತಿಯ ಬಗ್ಗೆ ಪದ್ಯದಲ್ಲಿ ಬರೆದ ಎಂಪೆಡೊಕ್ಲಿಸ್‌ಗೂ ಛಂದಸ್ಸೊಂದನ್ನು ಬಿಟ್ಟರೆ ಸಮಾನವಾದದ್ದೇನೂ ಇಲ್ಲವೆಂದು ಅವನು ‘ಕಾವ್ಯಮೀಮಾಂಸೆ’ಯಲ್ಲಿ ವಾದಿಸಿದ್ದ. ಈ ಲೇಖನವು ಪ್ರಾಚೀನರ ವಿಶಾಲ ಅರ್ಥವನ್ನೇ ಅನುಸರಿಸುತ್ತದೆ.

ಕಾವ್ಯದ ಒಳವಿಭಾಗವನ್ನು ಇಲ್ಲಿ ಸರ್ಗವೆಂದೂ, ಆತ್ಮವು ಒಂದು ದೇಹ ಬಿಟ್ಟು ಇನ್ನೊಂದನ್ನು ಸೇರುವುದನ್ನು ದೇಹಾಂತರವೆಂದೂ, ಭಯ, ಕ್ರೋಧ, ಆಸೆಗಳಂಥ ಮನಸ್ಸಿನ ತೀವ್ರ ಚಲನೆಗಳನ್ನು ಭಾವಾವೇಗವೆಂದೂ, ಕಥೆಯ ಹಿಂದೆ ಬೇರೊಂದು ಅರ್ಥವನ್ನು ಹುಡುಕುವ ವ್ಯಾಖ್ಯಾನವನ್ನು ರೂಪಕಾರ್ಥದ ಓದು ಎಂದೂ ಕರೆಯಲಾಗಿದೆ.

ಗ್ರೀಕ್ ಹಿನ್ನೆಲೆ

ತತ್ತ್ವಶಾಸ್ತ್ರಕ್ಕೂ ಮಹಾಕಾವ್ಯಕ್ಕೂ ಜಗಳ, ನೆಂಟಸ್ತಿಕೆ ಎರಡೂ ರೋಮಿಗಿಂತ ಹಳೆಯವು. ಕ್ರಿ.ಪೂ. 6ನೆಯ ಶತಮಾನದಲ್ಲೇ ಕ್ಸೆನೊಫೆನೀಸ್, ಹೋಮರ್ ಮತ್ತು ಹೆಸಿಯಡ್ ಇಬ್ಬರೂ ಕಳ್ಳತನ, ವ್ಯಭಿಚಾರ, ವಂಚನೆಗಳನ್ನು ದೇವರುಗಳ ತಲೆಗೆ ಕಟ್ಟಿದರೆಂದು ಆಕ್ಷೇಪಿಸಿದ. ಪ್ಲೇಟೋ ತನ್ನ ‘ರಿಪಬ್ಲಿಕ್’ನ ಆದರ್ಶ ನಗರದಿಂದ ಇಂಥ ಕಾವ್ಯವನ್ನು ಹೊರಗಿಟ್ಟ. ಆದರೆ ಅದೇ ಕೃತಿಯ ಕೊನೆಗೆ, ಸತ್ತು ಮರಳಿ ಬಂದ ಎರ್ ಎಂಬ ಯೋಧನ ಬಾಯಿಂದ ಪರಲೋಕದ ಕಥೆ ಹೇಳಿಸಿದ. ಮುಂದೆ ಲ್ಯಾಟಿನ್ ಕವಿಗಳಿಗೆ ಆ ಕಥೆ ದೊಡ್ಡ ಆಕರವಾಯಿತು.

ಹೋಮರನನ್ನು ಆಕ್ಷೇಪದಿಂದ ಉಳಿಸಿಕೊಳ್ಳಲು ಹೊರಟವರು ರೂಪಕಾರ್ಥದ ಮೊರೆಹೋದರು. ಈ ಪದ್ಧತಿಯ ಆರಂಭವನ್ನು ರೀಜಿಯಮ್‌ನ ಥಿಯಾಜಿನೀಸ್‌ಗೆ ಆರೋಪಿಸುವುದು ವಾಡಿಕೆ. ಸ್ಟೋಯಿಕರು ಇದನ್ನು ವಿಸ್ತರಿಸಿದರು. ಅವರ ಪ್ರಕಾರ ಹೀರಾ ದೇವಿ ಎಂದರೆ ವಾಯು, ಜ್ಯೂಸ್ ಎಂದರೆ ಜಗತ್ತನ್ನು ವ್ಯಾಪಿಸಿದ ವಿವೇಕ. ಇನ್ನೊಂದೆಡೆ ಸಿಸಿಲಿಯ ಎಂಪೆಡೊಕ್ಲಿಸ್ ನಾಲ್ಕು ಮಹಾಭೂತಗಳು ಹಾಗೂ ಅವನ್ನು ಕೂಡಿಸಿ ಅಗಲಿಸುವ ‘ಪ್ರೇಮ’, ‘ಕಲಹ’ಗಳೆಂಬ ಎರಡು ಶಕ್ತಿಗಳ ತತ್ತ್ವವನ್ನು ಹೆಕ್ಸಾಮೀಟರಿನಲ್ಲೇ ಹೇಳಿ, ದರ್ಶನವೂ ಮಹಾಕಾವ್ಯದ ಗತ್ತಿನಲ್ಲಿ ನಿಲ್ಲಬಲ್ಲದೆಂದು ತೋರಿಸಿದ್ದ.

ರೋಮಿಗೆ ತತ್ತ್ವಶಾಸ್ತ್ರದ ಪ್ರವೇಶ

ದಕ್ಷಿಣ ಇಟಲಿಯ ಗ್ರೀಕ್ ನಗರಗಳ ಮೂಲಕ ಪೈಥಾಗರಸ್‌ನ ಹೆಸರು ರೋಮಿಗೆ ಬಹು ಬೇಗ ತಲುಪಿತು. ಸ್ಯಾಮ್ನೈಟರ ಜೊತೆಗಿನ ಯುದ್ಧಕಾಲದಲ್ಲಿ ಅವನ ಪ್ರತಿಮೆಯನ್ನು ನಗರದ ಸಭಾಂಗಣವಾದ ಕೊಮಿಟಿಯಮ್‌ನಲ್ಲಿ ನಿಲ್ಲಿಸಿದ್ದರೆಂದು ಹಿರಿಯ ಪ್ಲಿನಿ ಬರೆದಿದ್ದಾನೆ.

ಸರ್ಕಾರಕ್ಕೆ ಮಾತ್ರ ತತ್ತ್ವಶಾಸ್ತ್ರವೆಂಬ ಈ ಅತಿಥಿಯ ಬಗ್ಗೆ ಅನುಮಾನವಿತ್ತು. ರಾಜ ನ್ಯೂಮಾನದೆಂದು ಹೇಳಲಾದ, ಪೈಥಾಗರಸ್‌ನ ಬೋಧನೆ ಅಡಗಿದೆಯೆಂಬ ಗುಮಾನಿಗೆ ಒಳಗಾದ ಗ್ರಂಥಗಳು ಕ್ರಿ.ಪೂ. 181ರಲ್ಲಿ ನೆಲದಡಿ ಸಿಕ್ಕಾಗ ಸೆನೆಟ್ ಅವನ್ನು ಸುಡಿಸಿತು. ಕ್ರಿ.ಪೂ. 161ರಲ್ಲಿ ದಾರ್ಶನಿಕರನ್ನೂ ಅಲಂಕಾರಶಾಸ್ತ್ರದ ಬೋಧಕರನ್ನೂ ನಗರದಿಂದ ಹೊರಗಟ್ಟುವ ನಿರ್ಣಯವಾಯಿತು. ಆರು ವರ್ಷಗಳ ಬಳಿಕ, ಕ್ರಿ.ಪೂ. 155ರಲ್ಲಿ, ಅಥೆನ್ಸ್ ತನ್ನ ಮೇಲೆ ಬಿದ್ದ ದಂಡವನ್ನು ತಗ್ಗಿಸಿಕೊಳ್ಳಲು ಮೂವರು ದಾರ್ಶನಿಕರನ್ನೇ ರಾಯಭಾರಿಗಳಾಗಿ ಕಳುಹಿಸಿತು: ಅಕಾಡೆಮಿಯ ಕಾರ್ನಿಯಾಡೀಸ್, ಸ್ಟೋಯಿಕ್ ಪಂಥದ ಬ್ಯಾಬಿಲೋನಿನ ಡಯೋಜಿನೀಸ್, ಅರಿಸ್ಟಾಟಲ್ ಪರಂಪರೆಯ ಕ್ರಿಟೊಲಾಸ್. ಕಾರ್ನಿಯಾಡೀಸ್ ಒಂದು ದಿನ ನ್ಯಾಯದ ಪರವಾಗಿ ಮಾತಾಡಿ, ಮರುದಿನ ಅಷ್ಟೇ ಸಮರ್ಥವಾಗಿ ಅದರ ವಿರುದ್ಧ ವಾದಿಸಿದ. ತರುಣರು ಮುಗಿಬಿದ್ದು ಕೇಳಿದರು. ಇವರ ಕೆಲಸ ಮುಗಿಸಿ ಬೇಗ ಊರಿಗೆ ಕಳುಹಿಸಿ ಎಂದು ಹಿರಿಯ ಕೇಟೊ ಒತ್ತಾಯಿಸಿದ.

ತಡೆ ಹೆಚ್ಚು ಕಾಲ ನಿಲ್ಲಲಿಲ್ಲ. ಸ್ಟೋಯಿಕ್ ದಾರ್ಶನಿಕ ಪನೇಷಿಯಸ್ ಸೇನಾನಿ ಸಿಪಿಯೊ ಎಮಿಲಿಯಾನಸ್‌ನ ಬಳಗದಲ್ಲಿ ಸೇರಿದ. ಕ್ರಿ.ಪೂ. 86ರಲ್ಲಿ ರೋಮಿನ ಸೇನಾನಿ ಸುಲ್ಲಾ ಅಥೆನ್ಸನ್ನು ವಶಪಡಿಸಿಕೊಂಡ ಮೇಲೆ ಗ್ರಂಥಭಂಡಾರಗಳೂ ರೋಮಿಗೆ ಬಂದವು. ಕ್ರಿ.ಪೂ. 1ನೆಯ ಶತಮಾನದಲ್ಲಿ ಸಿಸೆರೊ ಗ್ರೀಕ್ ಪರಿಭಾಷೆಗೆ ಲ್ಯಾಟಿನ್ ಪದಗಳನ್ನು ಕಟ್ಟಿಕೊಟ್ಟ. ನೇಪಲ್ಸಿನ ಸುತ್ತಮುತ್ತ ಸೈರೊ ಮತ್ತು ಫಿಲೊಡೀಮಸ್ ಎಂಬ ಎಪಿಕ್ಯೂರಿಯನ್ ಬೋಧಕರು ಶಿಷ್ಯವೃಂದ ಕಟ್ಟಿಕೊಂಡಿದ್ದರು.

ಪ್ರಮುಖ ಪಂಥಗಳು

ಪೈಥಾಗರಸ್ ಪಂಥದಿಂದ ಕವಿಗಳು ಮುಖ್ಯವಾಗಿ ದೇಹಾಂತರದ ನಂಬಿಕೆಯನ್ನೂ ಮಾಂಸಾಹಾರದ ನಿಷೇಧವನ್ನೂ ಪಡೆದರು. ಪ್ಲೇಟೋನಿಂದ ಬಂದದ್ದು ಆತ್ಮದ ಅಮರತ್ವ, ಮರಣಾನಂತರದ ಶುದ್ಧೀಕರಣ ಮತ್ತು ಪುನರಾಗಮನದ ಕಥೆಗಳು.

ಸ್ಟೋಯಿಕರ ಜಗತ್ತು ವಿವೇಕದಿಂದ ನಡೆಯುವ ಒಂದೇ ಜೀವಂತ ದೇಹ. ಅಲ್ಲಿ ಎಲ್ಲವೂ ವಿಧಿಗೆ ಒಳಪಟ್ಟಿದೆ, ಸದ್ಗುಣವೊಂದೇ ನಿಜವಾದ ಒಳಿತು, ಭಾವಾವೇಗಗಳನ್ನು ಬುಡಸಮೇತ ಕೀಳಬೇಕು. ಯುಗಾಂತ್ಯದಲ್ಲಿ ಜಗತ್ತು ಬೆಂಕಿಯಲ್ಲಿ ಲಯವಾಗಿ ಮತ್ತೆ ಹುಟ್ಟುತ್ತದೆ. ಎಪಿಕ್ಯೂರಿಯನ್ನರದು ಇದಕ್ಕೆ ತೀರ ವಿರುದ್ಧವಾದ ನಿಲುವು. ಪರಮಾಣು ಮತ್ತು ಶೂನ್ಯ ಬಿಟ್ಟರೆ ಬೇರೇನೂ ಇಲ್ಲ, ಆತ್ಮ ದೇಹದೊಡನೆ ಅಳಿಯುತ್ತದೆ, ದೇವರುಗಳಿದ್ದರೂ ಮನುಷ್ಯರ ಗೊಡವೆಗೆ ಬರುವುದಿಲ್ಲ, ಬಾಳಿನ ಗುರಿ ಮನಸ್ಸಿನ ಪ್ರಶಾಂತಿ.

ಅರಿಸ್ಟಾಟಲ್‌ನ ಅನುಯಾಯಿಗಳು ಭಾವಾವೇಗವನ್ನು ಕೀಳುವ ಬದಲು ಹದದಲ್ಲಿಡಬೇಕೆಂದರು. ಸರಿಯಾದ ಕಾರಣಕ್ಕೆ, ಸರಿಯಾದ ಅಳತೆಯಲ್ಲಿ ಬರುವ ಸಿಟ್ಟು ಅವರಿಗೆ ದೋಷವಲ್ಲ.

ಪ್ರಭಾವದ ರೂಪಗಳು

ಈ ವಿಚಾರಗಳು ಕಾವ್ಯದೊಳಗೆ ಬಂದ ದಾರಿಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ನೇರ ನಿರೂಪಣೆ. ಇಲ್ಲಿ ಇಡೀ ಕಾವ್ಯವೇ ಒಂದು ದರ್ಶನದ ಪ್ರತಿಪಾದನೆ. ಲುಕ್ರೀಷಿಯಸ್ ಮತ್ತು ಮ್ಯಾನಿಲಿಯಸ್ ಈ ಬಗೆಯವರು. ಎರಡನೆಯದು ಸೇರಿಸಿದ ಪ್ರವಚನ. ಕಥೆಯ ನಡುವೆ ಗಾಯಕನೋ ಪಿತೃವೋ ಋಷಿಸದೃಶ ವ್ಯಕ್ತಿಯೋ ಜಗತ್ತಿನ ಸ್ವರೂಪವನ್ನು ವಿವರಿಸುತ್ತಾನೆ. ಮೂರನೆಯದು ಪಾತ್ರದ ನಡತೆ. ನಾಯಕನ ಸಹನೆ, ಕ್ರೋಧ, ನಿರ್ಧಾರಗಳು ಒಂದು ನೀತಿಸಿದ್ಧಾಂತದ ಪರೀಕ್ಷೆಯಾಗುತ್ತವೆ. ನಾಲ್ಕನೆಯದು ದೇವತೆಗಳ ಮರುಕಲ್ಪನೆ. ಹೋಮರನಿಂದ ಬಂದ ದೇವರುಗಳು ಪ್ರಕೃತಿಶಕ್ತಿಗಳಾಗಿಯೋ ವಿಧಿಯ ವಕ್ತಾರರಾಗಿಯೋ ಬದಲಾಗುತ್ತಾರೆ, ಇಲ್ಲವೇ ರಂಗದಿಂದಲೇ ನಿರ್ಗಮಿಸುತ್ತಾರೆ. ಒಂದೇ ಕಾವ್ಯದಲ್ಲಿ ಎರಡು ಮೂರು ರೂಪಗಳು ಕೂಡಿ ಬರುವುದು ಸಾಮಾನ್ಯ.

ಎನ್ನಿಯಸ್

ಲ್ಯಾಟಿನ್‌ಗೆ ಹೆಕ್ಸಾಮೀಟರನ್ನು ತಂದವನು ಕ್ವಿಂಟಸ್ ಎನ್ನಿಯಸ್ (ಕ್ರಿ.ಪೂ. 239–169). ರೋಮಿನ ಇತಿಹಾಸವನ್ನು ಹಾಡುವ ಅವನ ‘ಅನ್ನಾಲೀಸ್’ 18 ಸರ್ಗಗಳ ಕಾವ್ಯ. ಈಗ ಉಳಿದಿರುವುದು ಸುಮಾರು 600 ಸಾಲುಗಳ ಚೂರುಗಳು ಮಾತ್ರ. ಕಾವ್ಯಾರಂಭದಲ್ಲಿ ಕವಿಗೊಂದು ಕನಸು ಬೀಳುತ್ತದೆ. ಹೋಮರನ ಛಾಯೆ ಕಾಣಿಸಿಕೊಂಡು, ಕಣ್ಣೀರು ಸುರಿಸುತ್ತ ಪ್ರಕೃತಿಯ ಗುಟ್ಟನ್ನು ಬಿಡಿಸಿ ಹೇಳುತ್ತದೆ. ತನ್ನ ಆತ್ಮ ಒಮ್ಮೆ ನವಿಲಿನ ದೇಹವನ್ನೂ ಹೊಕ್ಕು ಬಂದು ಈಗ ಎನ್ನಿಯಸ್‌ನಲ್ಲಿ ನೆಲೆಸಿದೆ ಎನ್ನುತ್ತದೆ. ಪೈಥಾಗರಸ್‌ನ ದೇಹಾಂತರ ತತ್ತ್ವ ಇಲ್ಲಿ ಕಾವ್ಯಪರಂಪರೆಯ ಹಕ್ಕುಪತ್ರವಾಗಿ ಬಳಕೆಯಾಗಿದೆ. ಎರಡು ಶತಮಾನಗಳ ಅನಂತರ ವಿಡಂಬನಕವಿ ಪರ್ಷಿಯಸ್ ಈ ನವಿಲನ್ನು ಗೇಲಿ ಮಾಡಿದ.

ಅದೇ ಕಾವ್ಯದಲ್ಲಿ ಯುದ್ಧದ ಬಾಗಿಲು ಒಡೆಯುವ ‘ಡಿಸ್ಕಾರ್ಡಿಯಾ’ ಎಂಬ ಭೀಕರ ಸ್ತ್ರೀರೂಪ ಬರುತ್ತದೆ. ಎಂಪೆಡೊಕ್ಲಿಸ್‌ನ ‘ಕಲಹ’ತತ್ತ್ವದ ನೆರಳು ಅದರ ಮೇಲೆ ಬಿದ್ದಿದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಲುಕ್ರೀಷಿಯಸ್

ಟೈಟಸ್ ಲುಕ್ರೀಷಿಯಸ್ ಕಾರಸ್ ಕ್ರಿ.ಪೂ. 1ನೆಯ ಶತಮಾನದ ಮಧ್ಯಭಾಗದಲ್ಲಿ ರಚಿಸಿದ ‘ಡಿ ರೇರಮ್ ನಾಚುರಾ’ (ವಸ್ತುಸ್ವರೂಪವನ್ನು ಕುರಿತು) ಆರು ಸರ್ಗಗಳ, ಸುಮಾರು 7,400 ಸಾಲುಗಳ ಶಾಸ್ತ್ರಕಾವ್ಯ. ಸಿಸೆರೊ ಕ್ರಿ.ಪೂ. 54ರಲ್ಲಿ ತಮ್ಮನಿಗೆ ಬರೆದ ಪತ್ರದಲ್ಲಿ ಇದನ್ನು ಮೆಚ್ಚಿಕೊಂಡಿದ್ದಾನೆ.

ಎಪಿಕ್ಯೂರಸ್ ಕಾವ್ಯವನ್ನು ಅಷ್ಟಾಗಿ ನೆಚ್ಚಿದವನಲ್ಲ. ಹಾಗಿದ್ದೂ ಅವನ ದರ್ಶನವನ್ನು ಪದ್ಯದಲ್ಲಿ ಏಕೆ ಹೇಳಬೇಕು? ಕವಿಯೇ ಇದಕ್ಕೆ ಸಮಾಧಾನ ಕೊಡುತ್ತಾನೆ: ಮಕ್ಕಳಿಗೆ ಕಹಿ ಮದ್ದು ಕುಡಿಸುವ ವೈದ್ಯರು ಬಟ್ಟಲಿನ ಅಂಚಿಗೆ ಜೇನು ಸವರುತ್ತಾರೆ, ಕಾವ್ಯ ಆ ಜೇನು. ಲ್ಯಾಟಿನ್‌ನಲ್ಲಿ ಪದಗಳ ಬಡತನವಿದೆಯೆಂದು ಅವನು ದೂರುತ್ತಾನೆ. ಪರಮಾಣುವಿಗೆ ಗ್ರೀಕ್ ಪದವನ್ನು ಎರವಲು ತರದೆ ‘ಬೀಜಗಳು’, ‘ಆದಿವಸ್ತುಗಳು’ ಎಂಬ ಅರ್ಥದ ದೇಸಿ ಪದಗಳಿಂದಲೇ ಕೆಲಸ ಸಾಗಿಸುತ್ತಾನೆ.

ವಾದವನ್ನು ಕಣ್ಣಿಗೆ ಕಟ್ಟುವಂತೆ ಮಾಡುವುದು ಅವನ ವಿಧಾನ. ಕತ್ತಲ ಕೋಣೆಯೊಳಗೆ ಬಿಸಿಲಕೋಲು ಬಿದ್ದಾಗ ಅದರಲ್ಲಿ ಗುದ್ದಾಡುತ್ತ, ಕೂಡುತ್ತ, ಚದುರುತ್ತ ತೇಲುವ ಧೂಳಿನ ಕಣಗಳನ್ನು ತೋರಿಸಿ, ಕಣ್ಣಿಗೆ ಕಾಣದ ಪರಮಾಣುಗಳ ನಿರಂತರ ಚಲನೆಯನ್ನು ಊಹಿಸಿಕೊಳ್ಳಲು ಹೇಳುತ್ತಾನೆ. ನೇರವಾಗಿ ಬೀಳುವ ಪರಮಾಣುಗಳು ಎಲ್ಲೋ ಒಂದೆಡೆ ಒಂದಿಷ್ಟು ವಾಲುತ್ತವೆ ಎಂಬ ತತ್ತ್ವದಿಂದ ಜಗತ್ತಿನ ಹುಟ್ಟನ್ನೂ ಜೀವಿಗಳ ಸ್ವತಂತ್ರ ಇಚ್ಛೆಯನ್ನೂ ವಿವರಿಸುತ್ತಾನೆ.

ಮೂರನೆಯ ಸರ್ಗದಲ್ಲಿ ಆತ್ಮ ನಶ್ವರವೆಂದು ಸಾಧಿಸಲು ಸುಮಾರು ಮೂವತ್ತು ಯುಕ್ತಿಗಳನ್ನು ಸಾಲಾಗಿ ಒಡ್ಡುತ್ತಾನೆ. ಬಳಿಕ ಮಹಾಕಾವ್ಯಗಳ ಪಾತಾಳವನ್ನೇ ಭೂಮಿಯ ಮೇಲಕ್ಕೆ ತರುತ್ತಾನೆ. ಬಂಡೆಯನ್ನು ಬೆಟ್ಟಕ್ಕೆ ಉರುಳಿಸುತ್ತ ಪ್ರತಿ ಸಲವೂ ಕೈಸೋಲುವ ಸಿಸಿಫಸ್ ಇರುವುದು ಪಾತಾಳದಲ್ಲಲ್ಲ, ಅಧಿಕಾರಕ್ಕಾಗಿ ಮತ ಯಾಚಿಸಿ ಪ್ರತಿ ಚುನಾವಣೆಯಲ್ಲೂ ಸೋತು ಬರುವ ರೋಮಿನ ಅಭ್ಯರ್ಥಿಯೇ ಅವನು. ಟ್ಯಾಂಟಲಸ್ ದೇವರ ಭಯದಿಂದ ನಡುಗುವವನು, ಟಿಟಿಯಸ್ ಕಾಮದಿಂದ ಬೇಯುವವನು. ಔಲಿಸ್‌ನಲ್ಲಿ ತಂದೆಯೇ ಮಗಳನ್ನು ಬಲಿಕೊಟ್ಟ ಹೋಮರ್‌ಲೋಕದ ಕಥೆಯೂ ಧರ್ಮಭಯದ ಕ್ರೌರ್ಯಕ್ಕೆ ನಿದರ್ಶನವಾಗುತ್ತದೆ. ಕಾವ್ಯ ಕೊನೆಗೊಳ್ಳುವುದು ಥುಸಿಡಿಡೀಸ್‌ನ ಇತಿಹಾಸವನ್ನು ಆಧರಿಸಿದ ಅಥೆನ್ಸಿನ ಮಹಾಮಾರಿಯ ವರ್ಣನೆಯಿಂದ.

ವರ್ಜಿಲ್

ಪಬ್ಲಿಯಸ್ ವರ್ಜೀಲಿಯಸ್ ಮಾರೊ (ಕ್ರಿ.ಪೂ. 70–19) ಯೌವನದಲ್ಲಿ ಎಪಿಕ್ಯೂರಿಯನ್ ಸೈರೊನ ಬಳಿ ಕಲಿತನೆಂದು ಪ್ರಾಚೀನ ಪರಂಪರೆ ಹೇಳುತ್ತದೆ. ಅವನ ‘ಈನೀಡ್’ 12 ಸರ್ಗಗಳ, 9,900ಕ್ಕೆ ಸಮೀಪದ ಸಾಲುಗಳ ಕಾವ್ಯ. ಟ್ರಾಯ್ ನಾಶವಾದ ಮೇಲೆ ಈನಿಯಸ್ ಇಟಲಿ ಸೇರಿ ರೋಮನ್ ಜನಾಂಗದ ಮೂಲಪುರುಷನಾಗುವುದು ಅದರ ಕಥೆ. ಹಲವು ಪಂಥಗಳು ಅಲ್ಲಿ ಅಕ್ಕಪಕ್ಕ ಬಾಳುತ್ತವೆ.

ಮೊದಲ ಸರ್ಗದ ಔತಣದಲ್ಲಿ ಅಯೋಪಸ್ ಎಂಬ ಗಾಯಕ ಹಾಡುವುದು ವೀರರ ಕಥೆಯನ್ನಲ್ಲ. ಚಂದ್ರನ ಅಲೆದಾಟ, ಸೂರ್ಯಗ್ರಹಣ, ಮಳೆ ಮತ್ತು ಬೆಂಕಿಯ ಮೂಲ, ಚಳಿಗಾಲದ ಹಗಲು ಏಕೆ ಕಿರಿದು ಎಂಬ ಪ್ರಶ್ನೆ ಅವನ ವಸ್ತು. ನಾಲ್ಕನೆಯ ಸರ್ಗದಲ್ಲಿ, ದೇವರ ಆಜ್ಞೆಯೆಂದು ಹೇಳಿ ಹೊರಟುನಿಂತ ಈನಿಯಸ್‌ನಿಗೆ ಅವನನ್ನು ಪ್ರೀತಿಸಿದ ರಾಣಿ ಡೈಡೊ ವ್ಯಂಗ್ಯವಾಗಿ ಉತ್ತರಿಸುತ್ತಾಳೆ: ಸ್ವರ್ಗದವರ ನೆಮ್ಮದಿಯನ್ನು ಕೆಡಿಸಲು ಇದಕ್ಕಿಂತ ದೊಡ್ಡ ಚಿಂತೆ ಬೇರೆ ಬೇಕೆ ಎಂಬುದು ಅವಳ ಮಾತಿನ ತಾತ್ಪರ್ಯ. ಅದು ಎಪಿಕ್ಯೂರಿಯನ್ನರ ದೇವರುಗಳ ಪರಿಚಯವಿರುವವರಾಡುವ ಮಾತು. ಅದೇ ಸರ್ಗದಲ್ಲಿ ಈನಿಯಸ್‌ನನ್ನು ಬಿರುಗಾಳಿಗೆ ಅಲುಗಿದರೂ ಬೇರು ಕೀಳದ ಓಕ್ ಮರಕ್ಕೆ ಹೋಲಿಸಲಾಗಿದೆ. ಮನಸ್ಸು ಕದಲದು, ಕಣ್ಣೀರು ವ್ಯರ್ಥವಾಗಿ ಹರಿಯುತ್ತದೆ. ಈ ಚಿತ್ರವನ್ನು ಸ್ಟೋಯಿಕ್ ಸ್ಥೈರ್ಯದ ಮಾದರಿಯಾಗಿ ಓದಲಾಗುತ್ತದೆ. ಕಣ್ಣೀರು ಯಾರದೆಂದು ಕವಿ ಹೇಳದಿರುವುದರಿಂದ ಚರ್ಚೆ ಮುಗಿದಿಲ್ಲ.

ದರ್ಶನ ಅತಿ ಸಾಂದ್ರವಾಗಿರುವುದು ಆರನೆಯ ಸರ್ಗದಲ್ಲಿ. ಪಾತಾಳಕ್ಕಿಳಿದ ಈನಿಯಸ್‌ನಿಗೆ ಅವನ ತಂದೆ ಆಂಕೈಸೀಸ್ ಆತ್ಮಗಳ ಗತಿಯನ್ನು ವಿವರಿಸುತ್ತಾನೆ. ಆಕಾಶ, ಭೂಮಿ, ಸಮುದ್ರ, ಸೂರ್ಯಚಂದ್ರರನ್ನು ಒಳಗಿನಿಂದ ಪೋಷಿಸುವ ಒಂದು ಚೈತನ್ಯವಿದೆ, ಒಂದು ಮನಸ್ಸು ಇಡೀ ರಾಶಿಯನ್ನು ಚಲಿಸುವಂತೆ ಮಾಡುತ್ತದೆ ಎಂಬ ಭಾಗ ಸ್ಟೋಯಿಕರದು. ಜೀವಬೀಜ ಬೆಂಕಿಯಂಥದ್ದು, ದೇಹದ ಜಡತೆಯಿಂದ ಅದು ಮಂಕಾಗಿ ಭಯ, ಆಸೆ, ದುಃಖ, ಸಂತೋಷಗಳಿಗೆ ಸಿಕ್ಕಿಬೀಳುತ್ತದೆ. ಭಾವಾವೇಗಗಳ ಈ ನಾಲ್ಕರ ಪಟ್ಟಿಯೂ ಸ್ಟೋಯಿಕರದೇ. ಆದರೆ ದೇಹವನ್ನು ಆತ್ಮದ ಸೆರೆಮನೆಯಾಗಿ ಕಾಣುವುದು, ಗಾಳಿ, ನೀರು, ಬೆಂಕಿಗಳಿಂದ ಪಾಪ ತೊಳೆಯುವುದು, ಸಾವಿರ ವರ್ಷಗಳ ಬಳಿಕ ಲೀಥೆ ನದಿಯ ನೀರು ಕುಡಿದು ಎಲ್ಲ ಮರೆತು ಹೊಸ ದೇಹಕ್ಕೆ ಮರಳುವುದು ಪ್ಲೇಟೋ ಮತ್ತು ಪೈಥಾಗರಸ್ ಪರಂಪರೆಯಿಂದ ಬಂದವು. ಸಿಸೆರೊನ ‘ಸಿಪಿಯೊನ ಕನಸು’ ಕೂಡ ಇಲ್ಲಿ ಮಾದರಿಯಾಗಿದೆ. ಅಲ್ಲಿಯೂ ಸತ್ತ ಹಿರಿಯನೊಬ್ಬ ವಿಶ್ವದ ರಚನೆಯನ್ನು ತೋರಿಸಿ ದೇಶಸೇವೆಯ ಕರ್ತವ್ಯವನ್ನು ಬೋಧಿಸುತ್ತಾನೆ.

ಈ ದರ್ಶನಕ್ಕೆ ಕಥೆಯಲ್ಲೊಂದು ಕೆಲಸವಿದೆ. ಆತ್ಮಗಳು ಮರಳಿ ಹುಟ್ಟುವುದಾದರೆ ಮಾತ್ರ ರಾಮ್ಯುಲಸ್‌ನಿಂದ ಅಗಸ್ಟಸ್‌ವರೆಗಿನ ಇನ್ನೂ ಹುಟ್ಟದ ರೋಮನ್ ವೀರರನ್ನು ಪಾತಾಳದ ದಂಡೆಯಲ್ಲಿ ಸಾಲಾಗಿ ನಿಲ್ಲಿಸಿ ತೋರಿಸಲು ಸಾಧ್ಯ. ದೇಹಾಂತರ ಇಲ್ಲಿ ಇತಿಹಾಸವನ್ನು ಭವಿಷ್ಯವಾಗಿ ಹೇಳುವ ಕಥನತಂತ್ರವಾಗಿದೆ.

ದೇವತೆಗಳ ವಿಷಯದಲ್ಲೂ ಇದೇ ಬೆರಕೆ. ಬಿರುಗಾಳಿ ಎಬ್ಬಿಸುವ ಜೂನೊ ಸ್ಟೋಯಿಕರ ವಾಯುತತ್ತ್ವವನ್ನು ನೆನಪಿಸುತ್ತಾಳೆ. ಜುಪಿಟರ್ ವಿಧಿಯ ಗ್ರಂಥವನ್ನು ಬಿಡಿಸಿ ಓದುವವನಂತೆ ಮಾತಾಡುತ್ತಾನೆ. ಒಂಬತ್ತನೆಯ ಸರ್ಗದಲ್ಲಿ ರಾತ್ರಿಯ ಸಾಹಸಕ್ಕೆ ಹೊರಡುವ ನೈಸಸ್, ಈ ಆವೇಶವನ್ನು ದೇವರು ನಮ್ಮೊಳಗೆ ಇಡುತ್ತಾನೋ ಅಥವಾ ಅವರವರ ತೀವ್ರ ಆಸೆಯೇ ಅವರವರಿಗೆ ದೇವರಾಗುತ್ತದೋ ಎಂದು ಗೆಳೆಯನನ್ನು ಕೇಳುತ್ತಾನೆ.

ಕಾವ್ಯದ ಕೊನೆ ಇಂದಿಗೂ ವಿವಾದದ ವಸ್ತು. ಗಾಯಗೊಂಡು ಶರಣುಬಂದ ಎದುರಾಳಿ ಟರ್ನಸ್‌ನನ್ನು ಬಿಡಲೋ ಎಂದು ಈನಿಯಸ್ ಅರೆಕ್ಷಣ ತಡೆಯುತ್ತಾನೆ. ಆಗ ಟರ್ನಸ್ ಕೊಂದಿದ್ದ ತನ್ನ ಮಿತ್ರ ಪಲ್ಲಾಸ್‌ನ ಪಟ್ಟಿ ಶತ್ರುವಿನ ಹೆಗಲ ಮೇಲೆ ಕಣ್ಣಿಗೆ ಬಿದ್ದು, ಕ್ರೋಧದಿಂದ ಉರಿದು ಕತ್ತಿ ಇಳಿಸುತ್ತಾನೆ. ಕ್ರೋಧವನ್ನು ಪೂರ್ತಿ ತಳ್ಳಿಹಾಕುವ ಸ್ಟೋಯಿಕರ ಅಳತೆಗೋಲಿನಲ್ಲಿ ಇದು ಪತನ. ಅರಿಸ್ಟಾಟಲ್‌ನ ದೃಷ್ಟಿಯಲ್ಲಿ ನ್ಯಾಯವಾದ ಪ್ರತೀಕಾರ. ಫಿಲೊಡೀಮಸ್ ‘ಕ್ರೋಧವನ್ನು ಕುರಿತು’ ಎಂಬ ಗ್ರಂಥದಲ್ಲಿ ಸಹಜ ಕ್ರೋಧ ಮತ್ತು ಪೊಳ್ಳು ಕ್ರೋಧವೆಂದು ಮಾಡುವ ವಿಂಗಡಣೆಯಿಂದ ಮೂರನೆಯ ಓದೂ ಸಾಧ್ಯವಾಗಿದೆ.

ಓವಿಡ್ ಮತ್ತು ಮ್ಯಾನಿಲಿಯಸ್

ಓವಿಡ್ (ಹುಟ್ಟು ಕ್ರಿ.ಪೂ. 43) ಬರೆದ ‘ಮೆಟಮಾರ್ಫೋಸಿಸ್’ 15 ಸರ್ಗಗಳ, ಸುಮಾರು 12,000 ಸಾಲುಗಳ ಕಾವ್ಯ. ರೂಪಾಂತರದ ಸುಮಾರು 250 ಕಥೆಗಳಿಗೆ ಅವನು ಎರಡು ದಾರ್ಶನಿಕ ಚೌಕಟ್ಟುಗಳನ್ನು ಹಾಕುತ್ತಾನೆ. ಆರಂಭದಲ್ಲಿ ಅಸ್ತವ್ಯಸ್ತ ರಾಶಿಯಿಂದ ನಾಲ್ಕು ಭೂತಗಳನ್ನು ಬೇರ್ಪಡಿಸಿ ಜಗತ್ತನ್ನು ರೂಪಿಸುವ ಒಬ್ಬ ದೇವರಿದ್ದಾನೆ. ಅವನಿಗೆ ಕವಿ ಹೆಸರಿಡುವುದಿಲ್ಲ. ಕೊನೆಯ ಸರ್ಗದಲ್ಲಿ ಪೈಥಾಗರಸ್‌ನೇ ಬಂದು ಸುಮಾರು 400 ಸಾಲುಗಳ ಪ್ರವಚನ ಮಾಡುತ್ತಾನೆ. ಆತ್ಮ ಅಳಿಯದೆ ಮನೆ ಬದಲಿಸುತ್ತಿರುತ್ತದೆ, ಆದ್ದರಿಂದ ಪ್ರಾಣಿಯ ಮಾಂಸ ತಿನ್ನುವುದು ಬಂಧುವನ್ನು ತಿಂದಂತೆ ಎಂಬುದು ಒಂದು ವಾದ. ಎಲ್ಲವೂ ಹರಿಯುತ್ತಿದೆ ಎಂಬ ಹೆರಾಕ್ಲಿಟಸ್‌ನ ವಿಚಾರ ಇನ್ನೊಂದು. ಕಡಲಿನಿಂದ ದೂರದ ನೆಲದಲ್ಲಿ ಸಿಗುವ ಕಪ್ಪೆಚಿಪ್ಪು, ಬೆಟ್ಟದ ತುದಿಯಲ್ಲಿ ಸಿಕ್ಕ ಹಳೆಯ ಲಂಗರು ಇದಕ್ಕೆ ಸಾಕ್ಷಿಗಳು.

ಈ ಪ್ರವಚನದಿಂದ ಜ್ಞಾನ ಪಡೆದವನೆಂದು ಕಾವ್ಯ ಹೇಳುವುದು ರೋಮಿನ ಎರಡನೆಯ ರಾಜ ನ್ಯೂಮಾನನ್ನು. ಇಬ್ಬರೂ ಸಮಕಾಲೀನರಲ್ಲವೆಂದು ಸಿಸೆರೊ ಮೊದಲೇ ತೋರಿಸಿದ್ದ. ಪ್ರವಚನ ಕಾವ್ಯದ ಕೀಲಿಕೈಯೋ, ದಾರ್ಶನಿಕ ಕಾವ್ಯದ ಅಣಕವೋ ಎಂಬ ಪ್ರಶ್ನೆಯಲ್ಲಿ ವಿಮರ್ಶಕರು ಎರಡು ಪಾಳೆಯಗಳಾಗಿದ್ದಾರೆ.

ಅಗಸ್ಟಸ್–ಟೈಬೀರಿಯಸ್‌ರ ಕಾಲದ ಮ್ಯಾನಿಲಿಯಸ್ ಐದು ಸರ್ಗಗಳ ‘ಆಸ್ಟ್ರೊನಾಮಿಕಾ’ದಲ್ಲಿ ಜ್ಯೋತಿಷವನ್ನು ಸ್ಟೋಯಿಕ್ ವಿಶ್ವಕಲ್ಪನೆಯ ಮೇಲೆ ನಿಲ್ಲಿಸಿದ. ನಕ್ಷತ್ರಗಳ ಕ್ರಮಬದ್ಧ ಚಲನೆಯೇ ಜಗತ್ತನ್ನು ವಿವೇಕ ಆಳುತ್ತಿದೆ ಎಂಬುದಕ್ಕೆ ಆಧಾರವೆಂದು ವಾದಿಸುವಾಗ ಅವನು ಎದುರಿಗಿಟ್ಟುಕೊಂಡಿರುವುದು ಲುಕ್ರೀಷಿಯಸ್‌ನನ್ನು.

ಲೂಕನ್

ದಾರ್ಶನಿಕ ಸೆನೆಕಾನ ತಮ್ಮನ ಮಗನಾದ ಲೂಕನ್ (ಕ್ರಿ.ಶ. 39–65) ಸ್ಟೋಯಿಕ್ ಬೋಧಕ ಕಾರ್ನೂಟಸ್‌ನ ಶಿಷ್ಯ. ಸೀಸರ್ ಮತ್ತು ಪಾಂಪೆಯ ನಡುವಣ ಅಂತರ್ಯುದ್ಧವನ್ನು ಕುರಿತ ಅವನ ಕಾವ್ಯ ಹತ್ತನೆಯ ಸರ್ಗದಲ್ಲಿ ನಿಂತುಹೋಗಿದೆ. ನೀರೊ ಚಕ್ರವರ್ತಿಯ ವಿರುದ್ಧದ ಪಿತೂರಿಯಲ್ಲಿ ಸಿಕ್ಕಿಬಿದ್ದು 25ನೆಯ ವಯಸ್ಸಿನಲ್ಲಿ ಅವನು ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು.

ಈ ಕಾವ್ಯದಲ್ಲಿ ದೇವತೆಗಳು ಪಾತ್ರಗಳಾಗಿ ಬರುವುದೇ ಇಲ್ಲ. ಅವರ ಜಾಗದಲ್ಲಿ ವಿಧಿ ಮತ್ತು ಅದೃಷ್ಟ ನಿಂತಿವೆ. ಗಣರಾಜ್ಯದ ಕುಸಿತವನ್ನು ಕವಿ ಸ್ಟೋಯಿಕರ ವಿಶ್ವಲಯಕ್ಕೆ ಹೋಲಿಸುತ್ತಾನೆ: ನಕ್ಷತ್ರಗಳು ಕಡಲಿಗೆ ಬೀಳುತ್ತವೆ, ಜಗತ್ತಿನ ಕೀಲುಗಳು ಕಳಚುತ್ತವೆ. ಆದರೆ ಸ್ಟೋಯಿಕರ ವಿಶ್ವಾಸ ಅವನಲ್ಲಿ ಅಲ್ಲಾಡುತ್ತದೆ. ಎರಡನೆಯ ಸರ್ಗದಲ್ಲಿ ಜಗತ್ತಿಗೆ ಶಾಶ್ವತ ನಿಯಮವಿದೆಯೋ ಬರಿಯ ಆಕಸ್ಮಿಕವೋ ಎಂದು ಕೇಳುತ್ತಾನೆ. ಏಳನೆಯ ಸರ್ಗದ ಯುದ್ಧದ ಹೊತ್ತಿಗೆ, ಮನುಷ್ಯರನ್ನು ನೋಡಿಕೊಳ್ಳುವ ದೇವರಿಲ್ಲ ಎಂದೇ ಕೂಗುತ್ತಾನೆ.

ಕಾವ್ಯದ ನೈತಿಕ ಕೇಂದ್ರ ಕಿರಿಯ ಕೇಟೊ. ಇತಿಹಾಸದ ಕೇಟೊ ಕ್ರಿ.ಪೂ. 46ರಲ್ಲಿ ಯುಟಿಕಾದಲ್ಲಿ ಪ್ಲೇಟೋನ ‘ಫೀಡೊ’ ಓದಿ ಪ್ರಾಣ ತೊರೆದವನು. ಲೂಕನ್‌ನ ಒಂಬತ್ತನೆಯ ಸರ್ಗದಲ್ಲಿ ಅವನು ಸೈನ್ಯವನ್ನು ಲಿಬಿಯಾದ ಮರುಭೂಮಿಯಲ್ಲಿ ನಡೆಸುತ್ತಾನೆ. ಸೈನಿಕನೊಬ್ಬ ಕಷ್ಟಪಟ್ಟು ಸಂಗ್ರಹಿಸಿ ಶಿರಸ್ತ್ರಾಣದಲ್ಲಿ ತಂದುಕೊಟ್ಟ ನೀರನ್ನು, ಎಲ್ಲರೂ ಬಾಯಾರಿರುವಾಗ ತಾನೊಬ್ಬನೇ ಕುಡಿಯಲಾರೆನೆಂದು ನೆಲಕ್ಕೆ ಚೆಲ್ಲುತ್ತಾನೆ. ಹಾವುಗಳು ತುಂಬಿದ ಚಿಲುಮೆ ಎದುರಾದಾಗ ಸೈನಿಕರ ಅಂಜಿಕೆ ಬಿಡಿಸಲು ತಾನೇ ಮೊದಲು ಕುಡಿಯುತ್ತಾನೆ. ಅಮ್ಮೋನ್ ದೇವಾಲಯದಲ್ಲಿ ಭವಿಷ್ಯ ಕೇಳೋಣವೆಂದು ಲಬಿಯೀನಸ್ ಒತ್ತಾಯಿಸಿದರೆ, ದೇವರು ಮರಳುಗಾಡಿನ ಗುಡಿಯಲ್ಲಿ ಅಡಗಿಲ್ಲ, ನೆಲ, ಕಡಲು, ಆಕಾಶ, ಸದ್ಗುಣಗಳೇ ಅವನ ನೆಲೆ, ಸಾವಿನ ವಿಷಯದಲ್ಲಿ ತನಗೆ ಕಣಿ ಬೇಕಿಲ್ಲ ಎಂದು ಮುಂದೆ ನಡೆಯುತ್ತಾನೆ.

ಫ್ಲೇವಿಯನ್ ಕಾಲದ ಕವಿಗಳು

ಕ್ರಿ.ಶ. 69–96ರ ಫ್ಲೇವಿಯನ್ ವಂಶದ ಆಳ್ವಿಕೆಯಲ್ಲಿ ಮಹಾಕಾವ್ಯ ದೇವತೆಗಳನ್ನು ಮರಳಿ ಕರೆತಂದಿತು. ವಲೇರಿಯಸ್ ಫ್ಲಾಕಸ್‌ನ ‘ಅರ್ಗೊನಾಟಿಕಾ’ದಲ್ಲಿ ಜುಪಿಟರ್, ಅಧಿಕಾರವು ಏಷ್ಯಾದಿಂದ ಗ್ರೀಸಿಗೂ ಅಲ್ಲಿಂದ ಮುಂದಕ್ಕೂ ಸರಿಯುವ ವಿಶ್ವಯೋಜನೆಯನ್ನು ಪ್ರಕಟಿಸುತ್ತಾನೆ.

ಸ್ಟೇಷಿಯಸ್ ಹನ್ನೆರಡು ವರ್ಷ ದುಡಿದು ಬರೆದ ‘ಥೀಬೈಡ್’ ಕ್ರೋಧದ ಮಹಾಕಾವ್ಯ. ಸೆನೆಕಾನ ಗ್ರಂಥಗಳು ಚರ್ಚಿಸುವ ಉನ್ಮತ್ತ ಕ್ರೋಧ ಅಲ್ಲಿ ಪರಸ್ಪರ ಕಾದಾಡುವ ಸೋದರರಿಬ್ಬರನ್ನೂ ನುಂಗುತ್ತದೆ. ಭಯವೇ ಜಗತ್ತಿನಲ್ಲಿ ಮೊದಲು ದೇವರುಗಳನ್ನು ಹುಟ್ಟಿಸಿತೆಂದು ಕಪಾನಿಯಸ್ ಎಂಬ ಯೋಧ ಸಾರುತ್ತಾನೆ. ಕೊನೆಯ ಸರ್ಗದಲ್ಲಿ ಅಥೆನ್ಸಿನ ಕರುಣಾದೇವಿಯ ಬಲಿಪೀಠ ಕಾಣಿಸುತ್ತದೆ. ಅದಕ್ಕೆ ವಿಗ್ರಹವಿಲ್ಲ, ರಕ್ತಬಲಿಯಿಲ್ಲ. ನೊಂದವರ ಕಣ್ಣೀರಷ್ಟೇ ಅಲ್ಲಿನ ಕಾಣಿಕೆ. ಸೆನೆಕಾ ನೀರೊಗಾಗಿ ಬರೆದ ‘ಕರುಣೆಯನ್ನು ಕುರಿತು’ ಗ್ರಂಥದೊಡನೆ ಈ ಭಾಗವನ್ನು ಹೋಲಿಸಿ ಓದುವುದುಂಟು.

ಸಿಲಿಯಸ್ ಇಟಾಲಿಕಸ್‌ನ 17 ಸರ್ಗಗಳ ‘ಪ್ಯೂನಿಕಾ’ ಉಳಿದಿರುವ ಪ್ರಾಚೀನ ಲ್ಯಾಟಿನ್ ಕಾವ್ಯಗಳಲ್ಲೇ ದೀರ್ಘವಾದದ್ದು. ಅದರ 15ನೆಯ ಸರ್ಗದಲ್ಲಿ ಮರದ ನೆರಳಲ್ಲಿ ಕುಳಿತ ತರುಣ ಸಿಪಿಯೊನ (ಎಮಿಲಿಯಾನಸ್‌ಗಿಂತ ಹಿಂದಿನವನು) ಮುಂದೆ ಸದ್ಗುಣ ಮತ್ತು ಸುಖ ಎಂಬ ಇಬ್ಬರು ಸ್ತ್ರೀಯರು ಬಂದು ವಾದಿಸುತ್ತಾರೆ. ಇದರ ಮೂಲ ಪ್ರೊಡಿಕಸ್ ಹೇಳಿದನೆಂದು ಕ್ಸೆನೊಫನ್ ದಾಖಲಿಸಿದ ಹರ್ಕ್ಯುಲೀಸ್‌ನ ಕಥೆ. ವಾಸಿಯಾಗದ ಕಾಯಿಲೆ ಬಂದಾಗ ಕವಿ ಅನ್ನ ಬಿಟ್ಟು ಪ್ರಾಣ ತೊರೆದನೆಂದು ಕಿರಿಯ ಪ್ಲಿನಿ ಬರೆದಿದ್ದಾನೆ.

ಅನಂತರದ ಬಳಕೆ

ಪ್ರಾಚೀನ ಯುಗದ ಕೊನೆಯಲ್ಲಿ ಪ್ರಭಾವದ ದಿಕ್ಕು ತಿರುಗಿತು. ದರ್ಶನದಿಂದ ಬೆಳೆದ ಮಹಾಕಾವ್ಯವೇ ದರ್ಶನದ ಪಠ್ಯವಾಯಿತು. ಕ್ರಿ.ಶ. 400ರ ಸುಮಾರಿನ ವ್ಯಾಖ್ಯಾನಕಾರ ಸರ್ವಿಯಸ್ ‘ಈನೀಡ್’ನ ಆರನೆಯ ಸರ್ಗವನ್ನು ಜ್ಞಾನದಲ್ಲಿ ಮಿಕ್ಕೆಲ್ಲಕ್ಕಿಂತ ಮಿಗಿಲೆಂದ. ಮ್ಯಾಕ್ರೋಬಿಯಸ್ ವರ್ಜಿಲ್‌ನನ್ನು ಸಕಲ ಶಾಸ್ತ್ರಗಳ ಪಂಡಿತನಾಗಿ ಚಿತ್ರಿಸಿದ. ಸಂತ ಅಗಸ್ಟೀನ್ ‘ದೇವನಗರ’ದಲ್ಲಿ ಆಂಕೈಸೀಸ್‌ನ ಮಾತನ್ನೇ ಎತ್ತಿಕೊಂಡು, ಪಾಪಕ್ಕೆ ದೇಹವನ್ನು ಹೊಣೆಮಾಡುವ ಪ್ಲೇಟೋವಾದಿಗಳ ನಿಲುವನ್ನು ಖಂಡಿಸಿದ. ಕ್ರೈಸ್ತ ಕವಿ ಪ್ರುಡೆನ್ಷಿಯಸ್‌ನ ‘ಸೈಕೊಮೇಕಿಯಾ’ದಲ್ಲಿ ಸದ್ಗುಣ ದುರ್ಗುಣಗಳೇ ಕತ್ತಿ ಹಿರಿದು ಕಾದಾಡುತ್ತವೆ. ಫುಲ್ಜೆನ್ಷಿಯಸ್ ಇನ್ನೂ ಮುಂದೆ ಹೋಗಿ, ‘ಈನೀಡ್’ ಇಡೀ ಮಾನವ ಜೀವನದ ಹಂತಗಳ ರೂಪಕವೆಂದೂ ಮೊದಲ ಸರ್ಗದ ಹಡಗಿನ ಅವಘಡ ಮಗುವಿನ ಹುಟ್ಟೆಂದೂ ಓದಿದ. ಡಾಂಟೆ ಲೂಕನ್‌ನ ಕೇಟೊನನ್ನು ತನ್ನ ಶುದ್ಧಿಲೋಕದ ಕಾವಲುಗಾರನನ್ನಾಗಿ ಮಾಡಿದ.

ಲುಕ್ರೀಷಿಯಸ್ ಮಧ್ಯಯುಗದಲ್ಲಿ ಬಹುಮಟ್ಟಿಗೆ ಮರೆಯಾಗಿದ್ದ. 1417ರಲ್ಲಿ ಪೊಜ್ಜೊ ಬ್ರಾಚೊಲೀನಿ ಅವನ ಕಾವ್ಯದ ಹಸ್ತಪ್ರತಿಯೊಂದನ್ನು ಪತ್ತೆಹಚ್ಚಿದ. ಮ್ಯಾಕಿಯವೆಲ್ಲಿ ಅದನ್ನು ಸ್ವಂತ ಕೈಯಿಂದ ನಕಲು ಮಾಡಿಕೊಂಡ. 1747ರಲ್ಲಿ ಪ್ರಕಟವಾದ ಕಾರ್ಡಿನಲ್ ಪೊಲಿನ್ಯಾಕ್‌ನ ‘ಆ್ಯಂಟಿ-ಲುಕ್ರೀಷಿಯಸ್’ ಅವನನ್ನು ಲ್ಯಾಟಿನ್ ಹೆಕ್ಸಾಮೀಟರಿನಲ್ಲೇ ಖಂಡಿಸಲು ಹೊರಟ ಕೃತಿ.

ಇಂದಿನ ಸ್ಥಿತಿ

ಆಧುನಿಕ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಜರ್ಮನಿಯ ಎಡ್ವರ್ಡ್ ನಾರ್ಡೆನ್ ಮುಖ್ಯರು. ‘ಈನೀಡ್’ನ ಆರನೆಯ ಸರ್ಗಕ್ಕೆ ಅವರು ಬರೆದ ವ್ಯಾಖ್ಯಾನ 1903ರಲ್ಲಿ ಬಂತು. ಎ. ಇ. ಹೌಸ್‌ಮನ್ 1903ರಿಂದ 1930ರವರೆಗೆ ಮ್ಯಾನಿಲಿಯಸ್‌ನನ್ನು ಸಂಪಾದಿಸಿದರು. ಫಿಲಿಪ್ ಹಾರ್ಡಿ 1986ರ ಗ್ರಂಥದಲ್ಲಿ, ವರ್ಜಿಲ್ ಲುಕ್ರೀಷಿಯಸ್‌ನ ವಿಶ್ವಚಿತ್ರವನ್ನು ರೋಮನ್ ಸಾಮ್ರಾಜ್ಯದ ಚಿತ್ರವಾಗಿ ತಿರುಗಿಸಿದ ಬಗೆಯನ್ನು ವಿವರಿಸಿದರು. ಡೆನಿಸ್ ಫೀನಿಯವರ 1991ರ ಕೃತಿ ಮಹಾಕಾವ್ಯದ ದೇವತೆಗಳನ್ನು ಪ್ರಾಚೀನ ವಿಮರ್ಶೆಯ ಬೆಳಕಿನಲ್ಲಿ ನೋಡಿತು. ಈನಿಯಸ್‌ನ ಕ್ರೋಧದ ಬಗ್ಗೆ ಮೈಕೆಲ್ ಪಟ್ನಮ್ ಮತ್ತು ಕಾರ್ಲ್ ಗಾಲಿನ್ಸ್ಕಿ ಪರಸ್ಪರ ಎದುರಾದ ನಿಲುವುಗಳನ್ನು ಮಂಡಿಸಿದ್ದಾರೆ. ಹಿಂದೆ ವಿದ್ವಾಂಸರು ಒಬ್ಬ ಕವಿ ಯಾವ ಪಂಥದವನೆಂದು ನಿರ್ಧರಿಸಲು ಹೆಣಗುತ್ತಿದ್ದರು. ಈಗ ಪಂಥಗಳ ನಡುವಣ ತಿಕ್ಕಾಟವನ್ನು ಕವಿ ಕಥೆಗೆ ಹೇಗೆ ಬಳಸಿಕೊಂಡನೆಂಬುದರ ಕಡೆಗೆ ಗಮನ ಹೊರಳಿದೆ.

ಹೊಸ ಸಾಮಗ್ರಿ ಬರುತ್ತಿರುವುದು ಹರ್ಕ್ಯುಲೇನಿಯಮ್‌ನಿಂದ. ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದಲ್ಲಿ ಹೂತುಹೋಗಿ 18ನೆಯ ಶತಮಾನದ ನಡುವೆ ಬೆಳಕಿಗೆ ಬಂದ ಅಲ್ಲಿನ ಒಂದು ಬಂಗಲೆಯಲ್ಲಿ ಸುಟ್ಟು ಇದ್ದಲಾದ ಪಪೈರಸ್ ಸುರುಳಿಗಳ ಭಂಡಾರವೇ ಸಿಕ್ಕಿತು. ಅವುಗಳಲ್ಲಿ ಬಹುಪಾಲು ಫಿಲೊಡೀಮಸ್‌ನ ಕೃತಿಗಳು. ಅವನು ತನ್ನ ಗ್ರಂಥವೊಂದರಲ್ಲಿ ವರ್ಜಿಲ್ ಮತ್ತು ಅವನ ಗೆಳೆಯರನ್ನು ಹೆಸರು ಹಿಡಿದು ಸಂಬೋಧಿಸಿರುವುದನ್ನು 1989ರಲ್ಲಿ ಪ್ರಕಟವಾದ ಓದು ತೋರಿಸಿಕೊಟ್ಟಿತು. ಕವಿ ಎಪಿಕ್ಯೂರಿಯನ್ ಬಳಗಕ್ಕೆ ಹತ್ತಿರವಿದ್ದ ಎಂಬ ಹಳೆಯ ಮಾತಿಗೆ ಹೀಗೆ ಸಮಕಾಲೀನ ಆಧಾರ ದೊರೆಯಿತು. ಬಿಚ್ಚಿದರೆ ಪುಡಿಯಾಗುವ ಸುರುಳಿಗಳನ್ನು ಕ್ಷ-ಕಿರಣ ಸ್ಕ್ಯಾನ್ ಮತ್ತು ಯಂತ್ರಕಲಿಕೆಯ ನೆರವಿನಿಂದ ಬಿಚ್ಚದೆಯೇ ಓದುವ ಕೆಲಸ ಈಗ ನಡೆದಿದೆ. ಇದಕ್ಕಾಗಿ ಏರ್ಪಡಿಸಿದ್ದ ‘ವೆಸೂವಿಯಸ್ ಚಾಲೆಂಜ್’ ಸ್ಪರ್ಧೆಯ ಮುಖ್ಯ ಬಹುಮಾನ 2024ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಆಗ ಓದಲು ಸಿಕ್ಕ ಭಾಗ ಸುಖದ ಸ್ವರೂಪವನ್ನು ಚರ್ಚಿಸುವ ಒಂದು ಗ್ರೀಕ್ ಬರಹದ್ದು. ಅದೂ ಫಿಲೊಡೀಮಸ್‌ನದೇ ಇರಬಹುದೆಂದು ಭಾವಿಸಲಾಗಿದೆ.